ಅಂಬಾಸಿಡರ್ ಎಂಜಿನ್ನಿನ ಮರುಜೋಡಣೆ: ಅಳತೆಯಲ್ಲೇ ಉಳಿತಾಯ

ಕೋಲ್ಕತ್ತದ ಸಮೀಪದ ಉತ್ತರಪಾರಾ ಕಾರ್ಖಾನೆಯಲ್ಲಿ 2014ರ ಮೇ ತಿಂಗಳವರೆಗೂ ತಯಾರಾಗುತ್ತಿದ್ದ ಅಂಬಾಸಿಡರ್, ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಭಾರತೀಯ ರೂಪವಾಗಿದ್ದು, ಅದರ ಹಳೆಯ ಪೆಟ್ರೋಲ್ ಮಾದರಿಗಳಲ್ಲಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ 'ಬಿ-ಸೀರೀಸ್' ಎಂಬ ನಾಲ್ಕು ಸಿಲಿಂಡರಿನ, 1489 ಸಿಸಿ ಎಂಜಿನ್ ಇರುತ್ತಿತ್ತು. ಬ್ಲಾಕ್ ಮತ್ತು ಹೆಡ್ ಎರಡೂ ಬೀಡುಕಬ್ಬಿಣದವು. ಸಿಲಿಂಡರಿನ ಒಳವ್ಯಾಸ, ಅಂದರೆ ಬೋರ್, 73.025 ಮಿಲಿಮೀಟರ್, ಪಿಸ್ಟನ್ ಮೇಲಿಂದ ಕೆಳಕ್ಕೆ ಕ್ರಮಿಸುವ ದೂರ, ಅಂದರೆ ಸ್ಟ್ರೋಕ್, 88.9 ಮಿಲಿಮೀಟರ್. ಸವೆದಾಗ ಬಿಚ್ಚಿ, ಕೊರೆದು, ಮತ್ತೆ ಜೋಡಿಸಬೇಕಾಗುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ರೂಪಿಸಿದ ಎಂಜಿನ್ ಇದು. ಪಿಸ್ಟನ್ನನ್ನು ಕ್ರಾಂಕ್‌ಶಾಫ್ಟಿಗೆ ಸೇರಿಸುವ ಕನೆಕ್ಟಿಂಗ್ ರಾಡಿನ ದಪ್ಪ ತುದಿಯನ್ನು ಓರೆಯಾಗಿ ಸೀಳಿರುವುದು ಇದಕ್ಕೆ ಒಳ್ಳೆಯ ಸಾಕ್ಷಿ: ನೇರವಾಗಿ ಸೀಳಿದ್ದರೆ ಬೋರಿನೊಳಗೆ ತೂರದಷ್ಟು ಅಗಲವಾಗುತ್ತಿದ್ದ ಆ ತುದಿ, ಓರೆ ಸೀಳಿನಿಂದಾಗಿ ಪಿಸ್ಟನ್ನಿನೊಂದಿಗೇ ಮೇಲಿನಿಂದ ಹೊರಬರುತ್ತದೆ.

ಇಂತಹ ಎಂಜಿನ್ನನ್ನು ಮನೆಯ ಶೆಡ್ಡಿನಲ್ಲಿ ಕಡಿಮೆ ಖರ್ಚಿನಲ್ಲಿ ಮರುಜೋಡಿಸಲು ಹೊರಟವರು ಸಾಮಾನ್ಯವಾಗಿ ಹಣ ಕಳೆದುಕೊಳ್ಳುವುದು ಬಿಡಿಭಾಗಗಳ ದುಬಾರಿ ಬೆಲೆಯಿಂದಲ್ಲ, ಯಾವ ಭಾಗ ಎಷ್ಟು ಸವೆದಿದೆ ಎಂದು ತಿಳಿಯದೆ ಎಲ್ಲವನ್ನೂ ಬದಲಾಯಿಸುವುದರಿಂದ, ಇಲ್ಲವೇ ಬದಲಾಯಿಸಲೇಬೇಕಾದುದನ್ನು ಹಾಗೇ ಬಿಟ್ಟು ಆರು ತಿಂಗಳಲ್ಲಿ ಮತ್ತೆ ಬಿಚ್ಚುವುದರಿಂದ. ಬೋರ್ ಕೊರೆಯುವುದು, ಕ್ರಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್ ಇವೆಲ್ಲ ಯಂತ್ರಗಳಿರುವ ವರ್ಕ್‌ಶಾಪಿನಲ್ಲೇ ಆಗಬೇಕಾದ ಕೆಲಸಗಳು; ಬಿಚ್ಚುವುದು, ತೊಳೆಯುವುದು, ಅಳೆಯುವುದು, ಜೋಡಿಸುವುದು ಮನೆಯಲ್ಲಿ ಆಗುವಂಥವು. ಈ ನಾಲ್ಕರಲ್ಲಿ ಅಳತೆಯೇ ಮುಖ್ಯ. ಚಲಿಸುವ ಎರಡು ಲೋಹಭಾಗಗಳ ನಡುವೆ ಉಳಿಸಿದ ಸಂದು ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗಗಳಷ್ಟಿದ್ದರೂ, ಎಂಜಿನ್ನಿನ ಆಯುಷ್ಯವೆಲ್ಲ ಆ ಸಂದಿನ ಮೇಲೆಯೇ ನಿಂತಿದೆ.

ಅಳತೆ ಆರಂಭವಾಗಬೇಕಾದದ್ದು ಸ್ಪ್ಯಾನರ್ ಹಿಡಿಯುವ ಮುಂಚೆ. ನೀಲಿ ಹೊಗೆ ಬರುತ್ತಿದೆ, ಪಿಕಪ್ ಇಲ್ಲ ಎಂದೊಡನೆ 'ಎಂಜಿನ್ ಬೋರ್‌ಗೆ ಬಂದಿದೆ' ಎಂದು ತೀರ್ಪು ಕೊಡುವುದು ಗ್ಯಾರೇಜುಗಳಲ್ಲಿ ರೂಢಿ. ಆದರೆ ಸ್ಪಾರ್ಕ್ ಪ್ಲಗ್ ತೆಗೆದ ರಂಧ್ರಕ್ಕೆ ಕಂಪ್ರೆಷನ್ ಗೇಜ್ ಹಿಡಿದು, ಸ್ಟಾರ್ಟರ್ ತಿರುಗಿಸಿ, ಪ್ರತಿ ಸಿಲಿಂಡರಿನ ಒತ್ತಡವನ್ನು ಬರೆದುಕೊಂಡು, ಅನಂತರ ಅದೇ ರಂಧ್ರದೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೊಮ್ಮೆ ಅಳೆದರೆ ರೋಗದ ಮೂಲ ಬಹುಮಟ್ಟಿಗೆ ಬಯಲಾಗುತ್ತದೆ. ಆಯಿಲ್ ಬಿಟ್ಟ ಮೇಲೆ ಒತ್ತಡ ಗಣನೀಯವಾಗಿ ಏರಿದರೆ ಸೋರಿಕೆ ಇರುವುದು ಪಿಸ್ಟನ್ ರಿಂಗುಗಳ ಬಳಿ, ಏಕೆಂದರೆ ಆಯಿಲ್ ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿರುತ್ತದೆ. ಏರದಿದ್ದರೆ ಸೋರಿಕೆ ಮೇಲಿನ ವಾಲ್ವುಗಳದ್ದು. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಮಾತ್ರ ಒತ್ತಡ ಕುಸಿದಿದ್ದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ ಸುಟ್ಟಿರುವ ಸಂಭವವೇ ಹೆಚ್ಚು. ಹೆಡ್ ಒಂದನ್ನೇ ಇಳಿಸಿ ಮುಗಿಸಬಹುದಾದ ಕೆಲಸಕ್ಕೆ ಇಡೀ ಎಂಜಿನ್ನನ್ನು ಚೈನ್ ಬ್ಲಾಕಿಗೆ ತೂಗುಹಾಕುವ ವೆಚ್ಚವನ್ನು ಈ ಅರ್ಧ ಗಂಟೆಯ ಪರೀಕ್ಷೆ ತಪ್ಪಿಸುತ್ತದೆ.

ಕ್ರಾಂಕ್‌ಶಾಫ್ಟ್ ತಿರುಗುವ ಬೇರಿಂಗುಗಳ ವಿಷಯವನ್ನು ಅರಿಯಲು ಹತ್ತೊಂಬತ್ತನೆಯ ಶತಮಾನದ ಒಂದು ಪ್ರಯೋಗ ನೆರವಾಗುತ್ತದೆ. ರೈಲ್ವೆ ಗಾಲಿಗಳ ಅಚ್ಚಿನ ಘರ್ಷಣೆಯನ್ನು ಇಂಗ್ಲೆಂಡಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಗಾಗಿ ಅಧ್ಯಯನ ಮಾಡುತ್ತಿದ್ದ ಬೀಚಮ್ ಟವರ್, ಬೇರಿಂಗಿನ ನೆತ್ತಿಯಲ್ಲಿ ಎಣ್ಣೆ ಹಾಕಲೆಂದು ಕೊರೆದ ರಂಧ್ರದಿಂದ ಎಣ್ಣೆ ಒಳಗೆ ಇಳಿಯುವ ಬದಲು ಮೇಲಕ್ಕೇ ಉಕ್ಕುವುದನ್ನು ಕಂಡ. ರಂಧ್ರಕ್ಕೆ ಮರದ ಬೆಣೆ ಜಡಿದಾಗ ಅದೂ ಹೊರಕ್ಕೆ ಸರಿಯಿತು. ಅಲ್ಲಿ ಒತ್ತಡಮಾಪಕ ಇಟ್ಟು ನೋಡಿದಾಗ ಬೇರಿಂಗಿನ ಮೇಲಿದ್ದ ಸರಾಸರಿ ಹೊರೆಯ ಇಮ್ಮಡಿಗೂ ಮಿಕ್ಕ ಒತ್ತಡ ದಾಖಲಾಯಿತು. 1883ರಲ್ಲಿ ಪ್ರಕಟವಾದ ಈ ವರದಿಯ ಬೆನ್ನಿಗೆ 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಅದರ ಗಣಿತವನ್ನು ಬಿಡಿಸಿಟ್ಟ. ತಿರುಗುವ ಶಾಫ್ಟ್ ತನಗಂಟಿದ ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿನೊಳಕ್ಕೆ ಎಳೆದೊಯ್ಯುತ್ತದೆ. ಅಲ್ಲಿ ಇಕ್ಕಟ್ಟಿಗೆ ಸಿಕ್ಕ ಎಣ್ಣೆಯಲ್ಲಿ ಹುಟ್ಟುವ ಒತ್ತಡವೇ ಶಾಫ್ಟನ್ನು ಎತ್ತಿ ಹಿಡಿಯುತ್ತದೆ. ಅಂದರೆ ಸರಿಯಾಗಿ ಓಡುವ ಎಂಜಿನ್ನಿನಲ್ಲಿ ಕ್ರಾಂಕಿನ ಉಕ್ಕು ಬೇರಿಂಗಿನ ಲೋಹವನ್ನು ಬಹುಪಾಲು ಸಮಯ ಮುಟ್ಟುವುದೇ ಇಲ್ಲ, ಮತ್ತು ಸವೆತದ ಬಹುಭಾಗ ನಡೆಯುವುದು ಎಣ್ಣೆಯ ಪೊರೆ ಇನ್ನೂ ಕಟ್ಟಿರದ ಸ್ಟಾರ್ಟ್ ಮಾಡುವ ಕ್ಷಣಗಳಲ್ಲಿ.

ಈ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡು ಹಿಡಿದುಕೊಳ್ಳುವ ಕ್ರಾಂಕಿನ ಭಾಗ ಸುಮಾರು 47.6 ಮಿಲಿಮೀಟರ್ ವ್ಯಾಸದ್ದಾಗಿದ್ದು, ಅದರ ಸುತ್ತಲಿನ ಎಣ್ಣೆಯ ಸಂದು ಒಂದು ಮಿಲಿಮೀಟರಿನ ನೂರರಲ್ಲಿ ಮೂರರಿಂದ ಆರು ಭಾಗದಷ್ಟಿರಬೇಕು. ಸಂದಿನಿಂದ ಎಣ್ಣೆ ಸೋರುವ ಪ್ರಮಾಣ ಸಂದಿನ ಅಗಲದ ಘನಕ್ಕೆ ಅನುಗುಣವಾಗಿರುವುದರಿಂದ, ಅಗಲ ಇಮ್ಮಡಿಯಾದರೆ ಸೋರಿಕೆ ಎಂಟು ಪಟ್ಟಾಗುತ್ತದೆ. ಆಯಿಲ್ ಪಂಪ್ ಎಷ್ಟೇ ಹೊಸದಾಗಿದ್ದರೂ ಒತ್ತಡ ಉಳಿಸಿಕೊಳ್ಳಲಾರದು. ಎಂಜಿನ್ ಕಾದು ನಿಧಾನವಾಗಿ ಓಡುವಾಗ ಆಯಿಲ್ ಪ್ರೆಷರ್ ಕುಸಿಯುವುದಕ್ಕೆ ಬಹುತೇಕ ಇದೇ ಕಾರಣ. ದಪ್ಪನೆಯ ಆಯಿಲ್ ಹಾಕಿ ಇದನ್ನು ಮರೆಮಾಚುವ ಉಪಾಯ ಕಾರು ಮಾರಬೇಕೆಂದಿರುವವರಿಗೆ ಅನುಕೂಲವೇ ಹೊರತು ಎಂಜಿನ್ನಿಗಲ್ಲ.

ಕ್ರಾಂಕ್ ಉರುಟಾಗಿ ಉಳಿದಿದೆಯೇ ಎಂದು ತಿಳಿಯಲು ಒಂದೇ ಜಾಗದಲ್ಲಿ ಪರಸ್ಪರ ಲಂಬವಾಗಿ ಎರಡು ಬಾರಿ ಮೈಕ್ರೋಮೀಟರ್ ಹಿಡಿದು ವ್ಯತ್ಯಾಸ ನೋಡಬೇಕು. ಸಂದನ್ನು ತಿಳಿಯಲು ದುಬಾರಿ ಉಪಕರಣವೂ ಬೇಡ. ಪ್ಲಾಸ್ಟಿಗೇಜ್ ಎಂಬ ಮೇಣದಂತಹ ತೆಳು ಎಳೆಯನ್ನು ಎಣ್ಣೆ ಒರೆಸಿದ ಕ್ರಾಂಕಿನ ಮೇಲಿಟ್ಟು, ಬೇರಿಂಗಿನ ಕ್ಯಾಪನ್ನು ನಿಗದಿತ ಬಿಗಿಗೆ ತಂದು, ಕ್ರಾಂಕನ್ನು ಅಲುಗಿಸದೆ ಮತ್ತೆ ಬಿಚ್ಚಿದರೆ, ಚಪ್ಪಟೆಯಾದ ಎಳೆಯ ಅಗಲವನ್ನು ಪೊಟ್ಟಣದ ಮೇಲೆ ಅಚ್ಚಾದ ಪಟ್ಟಿಗೆ ಹೋಲಿಸಿ ಸಂದನ್ನು ಓದಿಕೊಳ್ಳಬಹುದು. ಕ್ರಾಂಕ್ ಗೀರಿದ್ದರೆ ಅಥವಾ ಅಂಡಾಕಾರಕ್ಕೆ ಸವೆದಿದ್ದರೆ ಅದನ್ನು ಗ್ರೈಂಡ್ ಮಾಡಿಸಿ, ಅಷ್ಟೇ ದಪ್ಪಗಿನ ಬೇರಿಂಗ್ ಹಾಕಬೇಕು. ಅಂಗಡಿಗಳಲ್ಲಿ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಸೈಜ್ ಎನ್ನುವುದು ಅಂಗುಲದ ಸಾವಿರದಲ್ಲಿ ಅಷ್ಟು ಭಾಗಗಳನ್ನು, ಆದ್ದರಿಂದ ಹತ್ತು ಸೈಜ್ ಎಂದರೆ ಸುಮಾರು ಕಾಲು ಮಿಲಿಮೀಟರ್. ಬೇರಿಂಗ್ ಸಡಿಲವಾಗಿದೆಯೆಂದು ಕ್ಯಾಪಿನ ಅಂಚನ್ನು ಅರದಿಂದ ಉಜ್ಜಿ ಬಿಗಿ ಮಾಡುವ ಹಳೆಯ ಚಾಳಿಯೊಂದಿದೆ. ಕ್ಯಾಪುಗಳನ್ನು ಅವುಗಳ ಜಾಗದಲ್ಲೇ ಕೂರಿಸಿ ಒಟ್ಟಿಗೆ ಕೊರೆದಿರುವುದರಿಂದ, ಒಮ್ಮೆ ಉಜ್ಜಿದರೆ ಆ ವೃತ್ತ ಶಾಶ್ವತವಾಗಿ ಕೆಡುತ್ತದೆ. ಬಿಚ್ಚುವಾಗ ಪ್ರತಿ ಕ್ಯಾಪಿಗೂ ಪಂಚಿನಿಂದ ಗುರುತು ಹೊಡೆದುಕೊಳ್ಳಬೇಕೆನ್ನುವುದೂ ಇದೇ ಕಾರಣಕ್ಕೆ.

ಸಿಲಿಂಡರಿನ ಸವೆತ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿರುವುದಿಲ್ಲ. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಪ್ರತಿ ಪಿಸ್ಟನ್ ಸೆಕೆಂಡಿಗೆ ನೂರು ಬಾರಿ ನಿಂತು ದಿಕ್ಕು ಬದಲಿಸುತ್ತದೆ. ಮೇಲ್ತುದಿಯಲ್ಲಿ ಅದು ನಿಂತ ಕ್ಷಣದಲ್ಲಿ ಎಣ್ಣೆಯನ್ನು ಸಂದಿಗೆ ಎಳೆಯುವ ಚಲನೆಯೇ ಇರುವುದಿಲ್ಲ, ಜೊತೆಗೆ ಉರಿಯುವ ಅನಿಲದ ಒತ್ತಡ ರಿಂಗನ್ನು ಹಿಂದಿನಿಂದ ಗೋಡೆಗೆ ಒತ್ತುತ್ತಿರುತ್ತದೆ. ಹೀಗಾಗಿ ಬೋರ್ ಮೇಲ್ಭಾಗದಲ್ಲೇ ಹೆಚ್ಚು ಸವೆದು, ರಿಂಗ್ ತಲುಪದ ತೀರ ಮೇಲಿನ ಕೆಲವು ಮಿಲಿಮೀಟರುಗಳು ಮೂಲ ಗಾತ್ರದಲ್ಲೇ ಉಳಿದು, ಅಲ್ಲೊಂದು ಏಣು ಮೂಡುತ್ತದೆ. ಹೆಡ್ ಇಳಿಸಿದೊಡನೆ ಉಗುರನ್ನು ಗೋಡೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಎಳೆದರೆ ಸಿಕ್ಕಿಕೊಳ್ಳುವುದು ಈ ಏಣಿಗೇ. ಇದನ್ನು ಮೊದಲು ತೆಗೆಯದೆ ಪಿಸ್ಟನ್ನನ್ನು ಮೇಲಕ್ಕೆ ತಳ್ಳಿದರೆ ಮತ್ತೆ ಬಳಸಬಹುದಾಗಿದ್ದ ಪಿಸ್ಟನ್ನಿನ ರಿಂಗ್ ಕೂರುವ ತೋಡಿನ ಅಂಚೇ ಮುರಿದುಹೋಗಬಹುದು.

ಬೋರ್ ಮೇಲ್ಗಡೆ ಕೆಳಗಡೆಗಿಂತ 0.2 ಮಿಲಿಮೀಟರ್ ಅಗಲವಾಗಿದೆ ಎಂದುಕೊಂಡರೆ, ಸುತ್ತಳತೆಯಲ್ಲಿ ಅದು 0.63 ಮಿಲಿಮೀಟರಿನ ವ್ಯತ್ಯಾಸ. ರಿಂಗ್ ಪ್ರತಿ ಏರಿಳಿತದಲ್ಲೂ ಅಷ್ಟು ತೆರೆದು ಮುಚ್ಚಬೇಕು. ಆ ಸ್ಥಿತಿಯ ಬೋರಿಗೆ ಹೊಸ ರಿಂಗ್ ಮಾತ್ರ ಹಾಕುವುದು ಹಣ ಉಳಿಸಿದಂತೆ ಕಂಡರೂ ಹೊಗೆ ಬಲುಬೇಗ ಮರಳುತ್ತದೆ. ಸವೆತ ಇದಕ್ಕಿಂತ ಸಾಕಷ್ಟು ಕಡಿಮೆಯಿದ್ದರೆ ಗೋಡೆಯ ಹೊಳಪನ್ನು ಹೋನಿಂಗ್ ಕಲ್ಲಿನಿಂದ ಮುರಿದು ರಿಂಗ್ ಬದಲಿಸಿದರೆ ಸಾಕು. ಹೆಚ್ಚಿದ್ದರೆ ಬೋರ್ ಕೊರೆಸಿ ದೊಡ್ಡ ಪಿಸ್ಟನ್ ಹಾಕಬೇಕು. ಕೊರೆಸುವ ಮುಂಚೆಯೇ ಪಿಸ್ಟನ್ ಸೆಟ್ ಕೈಯಲ್ಲಿರಬೇಕೆಂಬುದು ಮುಖ್ಯ: ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಯಲ್ಲೂ ಉತ್ಪಾದನೆ ನಿಂತ ಕಾರಿನ ಎಲ್ಲ ಸೈಜುಗಳೂ ಬೇಕೆಂದಾಗ ಸಿಗುತ್ತವೆಂಬ ಭರವಸೆಯಿಲ್ಲ, ಮತ್ತು ವರ್ಕ್‌ಶಾಪಿನವರು ಕೊರೆಯಬೇಕಾದದ್ದು ಡಬ್ಬಿಯ ಮೇಲಿನ ಸಂಖ್ಯೆಗಲ್ಲ, ಕೈಯಲ್ಲಿರುವ ಪಿಸ್ಟನ್ನಿನ ನಿಜವಾದ ಅಳತೆಗೆ. ನಲವತ್ತು ಸೈಜಿಗೆ ಕೊರೆದಾಗ ಎಂಜಿನ್ 1489ರಿಂದ ಸುಮಾರು 1531 ಸಿಸಿಗೆ ಏರುತ್ತದೆ. ಅದನ್ನೂ ದಾಟಿ ಸವೆದ ಬ್ಲಾಕನ್ನು ಗುಜರಿಗೆ ಹಾಕಬೇಕಿಲ್ಲ. ಇನ್ನಷ್ಟು ಅಗಲಕ್ಕೆ ಕೊರೆದು, ಬೀಡುಕಬ್ಬಿಣದ ಸ್ಲೀವ್ ಎಂಬ ಕೊಳವೆಯನ್ನು ಒತ್ತಿ ಕೂರಿಸಿ, ಒಳಗನ್ನು ಮತ್ತೆ ಸ್ಟ್ಯಾಂಡರ್ಡ್ ಗಾತ್ರಕ್ಕೆ ತರಬಹುದು.

ಹೋನಿಂಗ್ ಆದ ಗೋಡೆಯ ಮೇಲೆ ಒಂದನ್ನೊಂದು ಕತ್ತರಿಸುವ ಓರೆಗೆರೆಗಳು ಉಳಿಯಬೇಕು, ಏಕೆಂದರೆ ಎಣ್ಣೆ ನಿಲ್ಲುವುದು ಆ ಗೆರೆಗಳ ತಗ್ಗಿನಲ್ಲಿ, ರಿಂಗ್ ಕೂರುವುದು ಅವುಗಳ ಏರು ಮೊದಲ ಕೆಲವು ಗಂಟೆಗಳಲ್ಲಿ ಸವೆದು ಸಮತಟ್ಟಾದ ಮೇಲೆ. ಅದೇ ಗೆರೆಗಳಲ್ಲಿ ಕಲ್ಲಿನ ಪುಡಿಯೂ ಕೂತಿರುತ್ತದೆ. ಸೀಮೆಎಣ್ಣೆ ಅಥವಾ ಪೆಟ್ರೋಲಿನಿಂದ ತೊಳೆದರೆ ಜಿಡ್ಡು ಹೋಗುತ್ತದೆಯೇ ಹೊರತು ಪುಡಿ ಹೋಗುವುದಿಲ್ಲ. ಪಾತ್ರೆ ತೊಳೆಯುವ ಸೋಪು ಕಲಸಿದ ಬಿಸಿನೀರು ಮತ್ತು ಬ್ರಷ್ಷಿನಿಂದ ಉಜ್ಜಬೇಕು. ಬಳಿಕ ಎಣ್ಣೆಯಲ್ಲಿ ಅದ್ದಿದ ಬಿಳಿಬಟ್ಟೆಯಿಂದ ಒರೆಸಿದಾಗ ಮೊದಲ ಬಟ್ಟೆ ಕಪ್ಪಾಗಿ, ಮುಂದಿನದು ಬೂದಾಗಿ, ಕೊನೆಗೊಂದು ಬಿಳಿಯಾಗಿಯೇ ಹೊರಬರುವವರೆಗೂ ಈ ಕೆಲಸ ಮುಗಿದಿಲ್ಲವೆಂದೇ ತಿಳಿಯಬೇಕು. ನೀರು ಆರುತ್ತಿದ್ದಂತೆಯೇ ಬರಿ ಬೀಡುಕಬ್ಬಿಣದ ಮೇಲೆ ಕೆಂಪು ತುಕ್ಕು ಹಬ್ಬುವುದರಿಂದ ಎಣ್ಣೆ ಸವರುವುದನ್ನು ಮುಂದೂಡುವಂತಿಲ್ಲ.

ಹೊಸ ರಿಂಗನ್ನು ಪಿಸ್ಟನ್ನಿಗೆ ತೊಡಿಸುವ ಮೊದಲು ಬೋರಿನೊಳಗಿಟ್ಟು, ಪಿಸ್ಟನ್ನಿನ ತಲೆಯಿಂದ ನೇರವಾಗಿ ತಳ್ಳಿ, ಅದರ ಎರಡು ತುದಿಗಳ ನಡುವಿನ ಸಂದಿಗೆ ಫೀಲರ್ ಗೇಜಿನ ತಗಡು ತೂರಿಸಿ ನೋಡಬೇಕು. ಈ ರಿಂಗಿನ ಸುತ್ತಳತೆ ಸುಮಾರು 229 ಮಿಲಿಮೀಟರ್. ಗೋಡೆಗಿಂತ ಅದು 100 ಡಿಗ್ರಿ ಹೆಚ್ಚು ಕಾದರೆ ಕಾಲು ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಅಷ್ಟು ಜಾಗ ಬಿಡದಿದ್ದರೆ ತುದಿಗಳು ಒಂದಕ್ಕೊಂದು ತಾಗಿ ರಿಂಗ್ ಗೋಡೆಯನ್ನು ಹರಿದು ಹಾಕುತ್ತದೆ; ಸಂದು ಕಿರಿದಾಗಿದ್ದರೆ ತುದಿಯನ್ನು ಸಣ್ಣ ಅರದಿಂದ ಉಜ್ಜಿ ಸರಿಪಡಿಸುವುದು ಮನೆಯಲ್ಲೇ ಆಗುವ ಕೆಲಸ.

ಹೆಡ್ಡಿನಲ್ಲಿ ವಾಲ್ವುಗಳನ್ನು ಅವುಗಳ ಸೀಟಿನ ಮೇಲೆ ಪೇಸ್ಟ್ ಹಚ್ಚಿ, ಕೈಕೋಲಿನಿಂದ ಹಿಂದಕ್ಕೆ ಮುಂದಕ್ಕೆ ತಿರುಗಿಸಿ ಬೂದುಬಣ್ಣದ ಅಖಂಡ ಉಂಗುರ ಮೂಡುವವರೆಗೆ ಉಜ್ಜುವ ಲ್ಯಾಪಿಂಗ್ ಕೆಲಸ ಬಹಳ ಮಂದಿಗೆ ಪರಿಚಿತ. ಅದಕ್ಕಿಂತ ಮಹತ್ವದ ಸಂಗತಿ ಪೆಟ್ರೋಲಿನ ಇತಿಹಾಸದಲ್ಲಿದೆ. ಜನರಲ್ ಮೋಟರ್ಸ್ ಪ್ರಯೋಗಾಲಯದಲ್ಲಿ ಥಾಮಸ್ ಮಿಜ್‌ಲೀ 1921ರಲ್ಲಿ ಕಂಡುಕೊಂಡಂತೆ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸದ ಸಂಯುಕ್ತ ಎಂಜಿನ್ನಿನ ಬಡಿತವನ್ನು ತಡೆಯುವುದರ ಜೊತೆಗೆ, ಉರಿದ ಮೇಲೆ ಎಗ್ಜಾಸ್ಟ್ ವಾಲ್ವಿನ ಸೀಟಿನ ಮೇಲೆ ತೆಳುಪದರವಾಗಿ ಕೂತು, ಕೆಂಪಗೆ ಕಾಯ್ದ ವಾಲ್ವು ಸೀಟಿನ ಕಬ್ಬಿಣಕ್ಕೆ ಅಲ್ಲಲ್ಲಿ ಬೆಸೆದುಕೊಳ್ಳದಂತೆಯೂ ಕಾಯುತ್ತಿತ್ತು. ಸೀಸದ ವಿಷದಿಂದ ಮಕ್ಕಳ ಮೆದುಳಿಗೆ ಆಗುವ ಹಾನಿಯನ್ನು ಕಂಡ ಮೇಲೆ ಅದನ್ನು ಕೈಬಿಟ್ಟದ್ದು ಸರಿಯೇ. ಭಾರತದಾದ್ಯಂತ 2000ದ ಫೆಬ್ರುವರಿಯಿಂದ ಸೀಸರಹಿತ ಪೆಟ್ರೋಲ್ ಮಾತ್ರ ಮಾರಾಟವಾಗುತ್ತಿದೆ. ಆದರೆ ಸೀಟನ್ನು ಹೆಡ್ಡಿನ ಮೆತ್ತನೆಯ ಕಬ್ಬಿಣದಲ್ಲೇ ಕಡೆದಿರುವ ಈ ಎಂಜಿನ್ನಿನಲ್ಲಿ, ಹೆಚ್ಚು ವೇಗದಲ್ಲಿ ಬಹಳ ಹೊತ್ತು ಓಡಿದಾಗ ವಾಲ್ವು ಬೆಸೆದು ಕಿತ್ತು, ಬೆಸೆದು ಕಿತ್ತು, ಸೀಟಿನೊಳಗೆ ಇಳಿಯುತ್ತ ಹೋಗುತ್ತದೆ. ಹೆಡ್ ವರ್ಕ್‌ಶಾಪಿಗೆ ಹೋಗುವುದಿದ್ದರೆ ನಾಲ್ಕು ಎಗ್ಜಾಸ್ಟ್ ಸೀಟುಗಳಿಗೆ ಗಟ್ಟಿ ಲೋಹದ ಬಳೆ ಕೂರಿಸಿಕೊಳ್ಳುವುದು ಈ ಬಜೆಟ್ಟಿನಲ್ಲಿ ಕಡಿತ ಮಾಡಬಾರದ ಬಾಬ್ತು.

ಜೋಡಣೆಯಲ್ಲಿ ಟಾರ್ಕ್ ವ್ರೆಂಚ್ ಅನಿವಾರ್ಯ, ಎರವಲು ತಂದದ್ದಾದರೂ ಸರಿ. ಬೋಲ್ಟು ಭಾಗಗಳನ್ನು ಹಿಡಿದಿಡುವುದು ತಾನು ಕೂದಲೆಳೆಯಷ್ಟು ಹಿಗ್ಗಿ, ಮತ್ತೆ ಕುಗ್ಗಲೆಳಸುವ ಬಲದಿಂದ. ಆದರೆ ತಿರುಗಿಸಲು ಹಾಕಿದ ಬಲದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಮರೆಯ ಮತ್ತು ತಲೆಯ ಅಡಿಯ ಘರ್ಷಣೆಗೇ ಹೋಗುವುದರಿಂದ, ತುಕ್ಕು ಹಿಡಿದ ಮರೆಯಲ್ಲಿ ಅದೇ ಅಂಕಿಗೆ ಬಿಗಿಸಿದ ಬೋಲ್ಟು ವಾಸ್ತವದಲ್ಲಿ ಸಡಿಲವಾಗಿಯೇ ಉಳಿಯುತ್ತದೆ. ಮರೆಗಳನ್ನು ತೊಳೆದು, ತೆಳುವಾಗಿ ಎಣ್ಣೆ ಸವರಿ, ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತಹಂತವಾಗಿ 40 ಪೌಂಡ್-ಅಡಿಗೆ, ಅಂದರೆ ಸುಮಾರು 54 ನ್ಯೂಟನ್-ಮೀಟರಿಗೆ ತರಬೇಕು.

ಮೊದಲ ಸ್ಟಾರ್ಟಿಗೆ ಮುನ್ನ ಸ್ಪಾರ್ಕ್ ಪ್ಲಗ್ ತೆಗೆದು, ಆಯಿಲ್ ಪ್ರೆಷರ್ ಕಾಣಿಸುವವರೆಗೆ ಸ್ಟಾರ್ಟರಿನಿಂದ ಬರಿದೇ ತಿರುಗಿಸಬೇಕು. ಹೊಸ ಕ್ಯಾಮ್‌ಶಾಫ್ಟ್ ಹಾಕಿದ್ದರೆ ಮೊದಲ ಇಪ್ಪತ್ತು ನಿಮಿಷ ಐಡಲಿಂಗ್‌ಗೆ ಬಿಡದೆ 2000 ಸುತ್ತಿನ ಆಸುಪಾಸಿನಲ್ಲಿ ಓಡಿಸುವುದು ರೂಢಿ, ಏಕೆಂದರೆ ಕ್ಯಾಮಿಗೆ ಎಣ್ಣೆ ದೊರೆಯುವುದು ಮುಖ್ಯವಾಗಿ ಕ್ರಾಂಕ್ ಎರಚುವ ಹನಿಗಳಿಂದ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಆಯಿಲ್ ಬದಲಿಸಿ, ಹೆಡ್ಡಿನ ನಟ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಿ, ವಾಲ್ವಿನ ಸಂದನ್ನು 0.38 ಮಿಲಿಮೀಟರಿಗೆ ಮರುಹೊಂದಿಸಬೇಕು.

ಈಗ ಬಂಕುಗಳಲ್ಲಿ ಸಿಗುವ, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲ್ ಇನ್ನೊಂದು ತೊಡಕನ್ನು ಒಡ್ಡುತ್ತದೆ. ಎಥನಾಲ್ ಹಳೆಯ ರಬ್ಬರ್ ಪೈಪುಗಳನ್ನೂ ಪೆಟ್ರೋಲ್ ಪಂಪಿನ ಡಯಾಫ್ರಮ್ಮನ್ನೂ ಉಬ್ಬಿಸಿ ಸೀಳುವಂಥದ್ದಾದ್ದರಿಂದ ಅವನ್ನು ಎಥನಾಲ್ ತಡೆಯುವ ಬಗೆಯವಕ್ಕೆ ಬದಲಿಸಬೇಕು. ಅದರ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ, ಹಳೆಯ ಪೆಟ್ರೋಲಿಗೆ ಹೊಂದಿಸಿದ ಕಾರ್ಬ್ಯುರೇಟರ್ ಈ ಇಂಧನದಲ್ಲಿ ಗಾಳಿ ಹೆಚ್ಚಾದ, ಇಂಧನ ಸಾಲದ ಮಿಶ್ರಣ ಕೊಡುತ್ತದೆ. ಗಾಳಿಯನ್ನು ಅಳೆದು ತನ್ನನ್ನು ತಾನೇ ತಿದ್ದಿಕೊಳ್ಳುವ ವಿದ್ಯುನ್ಮಾನ ವ್ಯವಸ್ಥೆ ಇದಕ್ಕಿಲ್ಲ. ಒಂದು ದೀರ್ಘ ಓಟದ ಬಳಿಕ ಪ್ಲಗ್ ಬಿಚ್ಚಿದಾಗ ಅದರ ಪಿಂಗಾಣಿ ಮೂತಿ ತಿಳಿಗಂದು ಬಣ್ಣದಲ್ಲಿದ್ದರೆ ಮಿಶ್ರಣ ಸರಿಯಿದೆ. ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಕಾರ್ಬ್ಯುರೇಟರಿನ ಮೇನ್ ಜೆಟ್ಟನ್ನು ಒಂದು ಗಾತ್ರ ದೊಡ್ಡದಕ್ಕೆ ಬದಲಿಸಿ ಮತ್ತೊಮ್ಮೆ ಓಡಿಸಿ ನೋಡಬೇಕು.