ಹಳೆಯ ಕಾರು ಸೆಲ್ಫ್ ತೆಗೆದುಕೊಳ್ಳದಿದ್ದಾಗ: ದೋಷವನ್ನು ಗುರುತಿಸುವ ಬಗೆ

ಹಾರ್ಬರ್ ಮಾರ್ಗದ ಮಾನಸರೋವರ ಮತ್ತು ಖಾಂದೇಶ್ವರ ರೈಲು ನಿಲ್ದಾಣಗಳಿಗೆ ಸಮೀಪದಲ್ಲಿರುವ ಕಾಮೋಠೆಯಲ್ಲಿ ನೆಲೆಸಿರುವ ನಮ್ಮ ಬಂಧುಗಳಲ್ಲಿ ಹಲವರು ದಿನನಿತ್ಯದ ಉದ್ಯೋಗಕ್ಕೆ ಲೋಕಲ್ ರೈಲನ್ನೇ ನೆಚ್ಚಿಕೊಂಡವರು. ಮನೆಯ ಕಾರು ಹೊರಡುವುದು ರವಿವಾರದ ಸಮಾರಂಭಕ್ಕೆ, ಇಲ್ಲವೇ ಪನ್ವೇಲ್‌ನಿಂದ ಆರಂಭವಾಗುವ 66ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಊರಿಗೆ ಪಯಣಿಸುವಾಗ. ಉಳಿದ ದಿನಗಳಲ್ಲಿ ಅದು ಸೊಸೈಟಿಯ ಆವರಣದಲ್ಲಿ ಖಾಡಿಯ ಉಪ್ಪುಗಾಳಿಗೂ ಮಳೆಗಾಲದ ತೇವಕ್ಕೂ ಮೈಯೊಡ್ಡಿ ನಿಂತಿರುತ್ತದೆ. ಸಾಮಾನುಗಳನ್ನೆಲ್ಲ ಹೇರಿಕೊಂಡು ಮುಂಜಾನೆ ಕೀಲಿ ತಿರುಗಿಸಿದಾಗ ಅದು ಓಗೊಡದಿದ್ದರೆ ಮನೆಮಂದಿಗೆಲ್ಲ ಆಗುವ ನಿರಾಶೆಯನ್ನು ಬಣ್ಣಿಸಬೇಕಾಗಿಲ್ಲ.

ಮಾರುತಿ 800 ಕಾರಿನ ಉತ್ಪಾದನೆ 2014ರ ಜನವರಿಯಲ್ಲಿ ನಿಂತಿತು. ಆದರೂ ಖಾಸಗಿ ಕಾರಿನ ನೋಂದಣಿಗೆ 15 ವರ್ಷ ತುಂಬಿದ ಬಳಿಕ ತಪಾಸಣೆಗೆ ಒಳಪಡಿಸಿ ನವೀಕರಿಸಲು ಅವಕಾಶವಿರುವುದರಿಂದ ಅಂತಹ ಹಳೆಯ ಕಾರುಗಳು ಇನ್ನೂ ಅನೇಕ ಮನೆಗಳಲ್ಲಿ ಉಳಿದಿವೆ. ಅವು ಚಾಲೂ ಆಗದಿದ್ದಾಗ ಸಾಮಾನ್ಯವಾಗಿ ಕೇಳಿಬರುವ ಮೊದಲ ತೀರ್ಪು "ಬ್ಯಾಟರಿ ಹೋಗಿದೆ" ಎಂಬುದು. ಹೊಸ ಬ್ಯಾಟರಿ ಬರುತ್ತದೆ; ಕೆಲವು ವಾರಗಳಲ್ಲಿ ಅದೇ ಕಥೆ ಮರುಕಳಿಸುತ್ತದೆ. ಕಾರಣವೇನೆಂದರೆ, ಅನೇಕ ಸಲ ದೋಷವಿರುವುದು ಬಿಡಿಭಾಗದಲ್ಲಲ್ಲ, ಅವುಗಳನ್ನು ಜೋಡಿಸುವ ಸಂಧಿಗಳಲ್ಲಿ. ಆದುದರಿಂದ ಮೊದಲು ಅಳತೆ, ಆಮೇಲೆ ಖರೀದಿ ಎಂಬ ಕ್ರಮವೇ ಹಿತಕರ.

1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಕೈಯಿಂದ ಹ್ಯಾಂಡಲ್ ತಿರುಗಿಸುವ ಕಷ್ಟ ಕ್ರಮೇಣ ತಪ್ಪಿತು. ನಮ್ಮ ಮೆಕ್ಯಾನಿಕರು 'ಸೆಲ್ಫ್' ಎಂದು ಕರೆಯುವುದು ಈ ಸ್ಟಾರ್ಟರನ್ನೇ. ಇದರಲ್ಲಿ ವಿದ್ಯುತ್ತಿಗೆ ಎರಡು ಹಾದಿಗಳಿವೆ. ಕೀಲಿ ತಿರುಗಿಸಿದಾಗ ಸಣ್ಣ ತಂತಿಯ ಮೂಲಕ ಅಲ್ಪ ವಿದ್ಯುತ್ ಸೆಲ್ಫ್‌ನ ಮೇಲಿರುವ ಸೊಲೆನಾಯ್ಡನ್ನು ತಲುಪುತ್ತದೆ. ಅದು ಒಳಗಿನ ದಪ್ಪ ಸಂಪರ್ಕಗಳನ್ನು ಕೂಡಿಸಿದ ಕೂಡಲೇ ಬ್ಯಾಟರಿಯಿಂದ ದಪ್ಪ ಕೇಬಲಿನಲ್ಲಿ ನೂರು, ನೂರೈವತ್ತು ಆಂಪಿಯರ್‌ನಷ್ಟು ವಿದ್ಯುತ್ ಸೆಲ್ಫ್‌ಗೆ ಹರಿದು, ಇಂಜಿನಿನ ಲೋಹದ ಮೈ ಹಾಗೂ ಅರ್ತ್ ಪಟ್ಟಿಯ ಮೂಲಕ ಬ್ಯಾಟರಿಗೆ ಹಿಂದಿರುಗುತ್ತದೆ. ಯಾವ ಹಾದಿ ಕಡಿದಿದೆ ಎಂಬುದನ್ನು ತಿಳಿಯುವುದೇ ದೋಷ ಪತ್ತೆಯ ಸಾರ.

ಮೊದಲ ಸಾಧನ ನಮ್ಮ ಕಿವಿ. ಕೀಲಿ ತಿರುಗಿಸಿದಾಗ ಡ್ಯಾಶ್‌ಬೋರ್ಡಿನ ದೀಪವೂ ಹೊತ್ತದಿದ್ದರೆ ಬ್ಯಾಟರಿ ಪೂರ್ಣ ಬರಿದಾಗಿದೆ, ಟರ್ಮಿನಲ್ ಸಡಿಲವಾಗಿದೆ ಅಥವಾ ಮುಖ್ಯ ಫ್ಯೂಸ್ ಹೋಗಿದೆ. 'ಟಕಟಕಟಕ' ಎಂಬ ಸತತ ಸದ್ದು ಬಂದರೆ ಸೊಲೆನಾಯ್ಡ್ ಹಿಡಿಯುತ್ತ ಬಿಡುತ್ತ ಇದೆ. ಭಾರ ಬಿದ್ದೊಡನೆ ವೋಲ್ಟ್ ಕುಸಿಯುತ್ತಿದೆ ಎಂದರ್ಥ. ಒಂದೇ ಒಂದು 'ಟಕ್' ಕೇಳಿ ಎಲ್ಲವೂ ಸ್ತಬ್ಧವಾದರೆ ದಪ್ಪ ಹಾದಿಯನ್ನು, ಸೊಲೆನಾಯ್ಡಿನ ಸಂಪರ್ಕಗಳನ್ನು ಅಥವಾ ಸೆಲ್ಫನ್ನು ಶಂಕಿಸಬೇಕು. ದೀಪಗಳು ಉರಿಯುತ್ತಿದ್ದು ಯಾವ ಸದ್ದೂ ಬಾರದಿದ್ದರೆ ಸಣ್ಣ ಹಾದಿಯತ್ತ ಗಮನ ಹರಿಸಬೇಕು.

ಎರಡನೆಯ ಸಾಧನ ಮಲ್ಟಿಮೀಟರ್. ಕೆಲವು ಗಂಟೆ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ಣ ತುಂಬಿದೆ, 12.2 ತೋರಿಸಿದರೆ ಹೆಚ್ಚುಕಡಿಮೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಬೇಕು. ಆದರೆ ವಿಶ್ರಾಂತಿಯಲ್ಲಿ ತೋರುವ ಅಂಕಿಯನ್ನಷ್ಟೇ ನಂಬುವಂತಿಲ್ಲ. ತುಂಬಿದ ಬ್ಯಾಟರಿಯೂ ಸೆಲ್ಫ್ ಹೊಡೆಯುವಾಗ ಸುಮಾರು 9.6 ವೋಲ್ಟಿಗಿಂತ ಕೆಳಗೆ ಜಾರಿದರೆ ಅದರ ಆಯುಷ್ಯ ಮುಗಿದಿರುವ ಸಂಭವವೇ ಹೆಚ್ಚು.

ಬ್ಯಾಟರಿ ಸರಿಯಿದ್ದರೂ ಸೆಲ್ಫ್ ತಿರುಗದಿದ್ದರೆ? "ಹೆಡ್‌ಲೈಟ್ ಪ್ರಖರವಾಗಿ ಉರಿಯುತ್ತಿದೆ, ಆದ್ದರಿಂದ ಜೋಡಣೆಯೂ ಸರಿಯಿದೆ" ಎಂಬ ವಾದ ಇಲ್ಲಿ ದಾರಿ ತಪ್ಪಿಸುತ್ತದೆ. ತುಕ್ಕು ಹಿಡಿದ ಒಂದು ಸಂಧಿಯಲ್ಲಿ ಕೇವಲ 0.02 ಓಮ್‌ನಷ್ಟು ರೋಧವಿದೆ ಎಂದಿಟ್ಟುಕೊಳ್ಳೋಣ. ದೀಪಕ್ಕೆ 5 ಆಂಪಿಯರ್ ಹರಿದರೆ ಅಲ್ಲಿ ನಷ್ಟವಾಗುವುದು 0.1 ವೋಲ್ಟ್; ಅದು ಕಣ್ಣಿಗೆ ತಿಳಿಯದು. ಅದೇ ಸಂಧಿಯಲ್ಲಿ ಸೆಲ್ಫ್‌ಗೆ 150 ಆಂಪಿಯರ್ ಹರಿಯಬೇಕಾದಾಗ 3 ವೋಲ್ಟ್ ನಷ್ಟ! ಸೆಲ್ಫ್ ಸೊರಗಲು ಅಷ್ಟು ಸಾಕು. ಇಷ್ಟು ಅಲ್ಪ ರೋಧವನ್ನು ಸಾಮಾನ್ಯ ಮೀಟರಿನ ಓಮ್ ಮಾಪಕವೂ ಸರಿಯಾಗಿ ತೋರಿಸಲಾರದು. ವಿದ್ಯುತ್ ಹರಿಯುತ್ತಿರುವಾಗಲೇ ವೋಲ್ಟ್ ನಷ್ಟವನ್ನು ಅಳೆಯಬೇಕು.

ಅದಕ್ಕಾಗಿ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ಕಂಬಕ್ಕೂ ಇನ್ನೊಂದನ್ನು ಇಂಜಿನಿನ ಬರಿಲೋಹಕ್ಕೂ ತಾಗಿಸಿ, ಇನ್ನೊಬ್ಬರಿಂದ ಕೀಲಿ ತಿರುಗಿಸಬೇಕು. 0.2 ಅಥವಾ 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಹಾದಿ ಕೆಟ್ಟಿದೆ. ಬಳಿಕ ಧನ ಕಂಬದಿಂದ ಸೆಲ್ಫ್‌ನ ದಪ್ಪ ಟರ್ಮಿನಲಿಗೆ ಅದೇ ರೀತಿ ಅಳೆದಾಗ 0.5 ವೋಲ್ಟ್ ಮೀರಬಾರದು. ಕೇಬಲಿನ ಲಗ್‌ಗೆ ಬದಲು ಕಂಬದ ಸೀಸಕ್ಕೇ ಕಡ್ಡಿ ತಾಗಿಸಿದರೆ ಟರ್ಮಿನಲ್ಲಿನ ತುಕ್ಕೂ ಲೆಕ್ಕಕ್ಕೆ ಬರುತ್ತದೆ. ಉಪ್ಪುಗಾಳಿಯ ಪರಿಸರದಲ್ಲಿ ಬಣ್ಣದಡಿ ತುಕ್ಕು ಹಿಡಿದ ಅರ್ತ್ ಬೋಲ್ಟನ್ನು ಬಿಚ್ಚಿ, ಮರಳುಕಾಗದದಿಂದ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಲೇಪಿಸಿದರೆ ಸಾವಿರಾರು ರೂಪಾಯಿ ಉಳಿಯುವುದುಂಟು.

ಸದ್ದೇ ಇಲ್ಲದ ಪ್ರಸಂಗದಲ್ಲಿ ಸೊಲೆನಾಯ್ಡಿನ ಸಣ್ಣ ತಂತಿಗೆ ಟೆಸ್ಟ್ ಲ್ಯಾಂಪ್ ಹಿಡಿದು ಕೀಲಿ ತಿರುಗಿಸಬೇಕು. ದೀಪ ಹೊತ್ತಿದರೆ ಸಣ್ಣ ಹಾದಿ ಸರಿಯಿದ್ದು ದೋಷ ಸೊಲೆನಾಯ್ಡ್ ಅಥವಾ ಸೆಲ್ಫ್‌ನಲ್ಲಿದೆ. ಹೊತ್ತದಿದ್ದರೆ ಫ್ಯೂಸ್, ರಿಲೇ (ಇದ್ದರೆ) ಮತ್ತು ಸವೆದ ಇಗ್ನಿಶನ್ ಸ್ವಿಚ್ಚನ್ನು ಅನುಕ್ರಮವಾಗಿ ನೋಡಬೇಕು. ಇನ್ನು ಸೆಲ್ಫ್ ಚುರುಕಾಗಿ ತಿರುಗಿಯೂ ಇಂಜಿನ್ ಹತ್ತದಿದ್ದರೆ ಬ್ಯಾಟರಿಯನ್ನು ದೂರುವುದು ವ್ಯರ್ಥ. ಆಗ ಕಿಡಿ ಅಥವಾ ಇಂಧನದ ಕೊರತೆ. ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ತೇವ ಸೇರಿದರೂ ಹೀಗಾಗುತ್ತದೆ. ಒಣಬಟ್ಟೆಯಿಂದ ಒರೆಸಿದರೆ ಎಷ್ಟೋ ಸಲ ಪರಿಹಾರ ಸಿಗುತ್ತದೆ.

ಹೊಸ ಬ್ಯಾಟರಿಯೂ ಪದೇಪದೇ ಬರಿದಾಗುತ್ತಿದ್ದರೆ ಎರಡು ಪ್ರಶ್ನೆ ಕೇಳಬೇಕು. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 13.8ರಿಂದ 14.5 ವೋಲ್ಟ್ ಇದೆಯೇ? ಇಲ್ಲವಾದರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ಪರೀಕ್ಷಿಸಬೇಕು. ಇದ್ದರೆ, ನಿಂತ ಕಾರಿನಲ್ಲಿ ವಿದ್ಯುತ್ ಸೋರುತ್ತಿದೆಯೇ? ಆಮೇಲೆ ಅಳವಡಿಸಿದ ಮ್ಯೂಸಿಕ್ ಸಿಸ್ಟಮ್, ಸೆಂಟ್ರಲ್ ಲಾಕ್‌ಗಳು ಸದ್ದಿಲ್ಲದೆ 50 ಮಿಲಿ ಆಂಪಿಯರ್ ಹೀರಿದರೂ ದಿನಕ್ಕೆ 1.2 ಆಂಪಿಯರ್-ಗಂಟೆ ಖರ್ಚಾಗಿ, 35 ಆಂಪಿಯರ್-ಗಂಟೆಯ ಬ್ಯಾಟರಿ ಸುಮಾರು ಒಂದು ತಿಂಗಳಲ್ಲಿ ಬರಿದಾಗುತ್ತದೆ. ಕಾರನ್ನು ಇಲ್ಲಿಯೇ ಬಿಟ್ಟು ತಿಂಗಳುಗಟ್ಟಲೆ ಊರಿಗೆ ಹೋಗುವವರು ಋಣ ಟರ್ಮಿನಲನ್ನು ಕಳಚಿಡುವುದು ಲೇಸು.

ಕೆಲವು ಎಚ್ಚರಿಕೆಗಳು ಅನಿವಾರ್ಯ. ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲ ಕಿಡಿ ತಾಗಿದರೆ ಸ್ಫೋಟಿಸಬಲ್ಲದು. ಕೆಲಸಕ್ಕೆ ಮುನ್ನ ಕೈಯ ಉಂಗುರ, ಬಳೆಗಳನ್ನು ತೆಗೆದಿಡಿ. ಕಳಚುವಾಗ ಋಣ ಟರ್ಮಿನಲ್ ಮೊದಲು, ಜೋಡಿಸುವಾಗ ಅದೇ ಕೊನೆಗೆ. ಇನ್ನೊಂದು ಕಾರಿನಿಂದ ಜಂಪ್ ಕೊಡುವಾಗ ಕೊನೆಯ ಋಣ ತುದಿಯನ್ನು ಬರಿದಾದ ಬ್ಯಾಟರಿಗಲ್ಲ, ಆ ಕಾರಿನ ಇಂಜಿನಿನ ಬರಿಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಜೋಡಿಸಿ. ಸುಟ್ಟ ಫ್ಯೂಸಿನ ಜಾಗದಲ್ಲಿ ತಂತಿಯ ತುಂಡು ಸೇರಿಸುವುದು ಬೆಂಕಿಗೆ ಆಹ್ವಾನ.

ಇದನ್ನೆಲ್ಲ ಸ್ವತಃ ಮಾಡಲೇಬೇಕೆಂದಿಲ್ಲ. ಗ್ಯಾರೇಜಿನಲ್ಲಿ "ಬ್ಯಾಟರಿ ಬದಲಿಸಿ" ಎಂದಾಗ, ಸೆಲ್ಫ್ ಹೊಡೆಯುವಾಗ ಎಷ್ಟು ವೋಲ್ಟ್ ತೋರಿಸಿತು, ಅರ್ತ್ ನೋಡಿದಿರಾ ಎಂದು ವಿನಯದಿಂದ ವಿಚಾರಿಸಿದರೂ ಸಾಕು. ಊರಿಗೆ ಹೊರಡುವ ಒಂದು ವಾರ ಮುಂಚಿತವಾಗಿ ಈ ತಪಾಸಣೆ ನಡೆದರೆ ಪ್ರಯಾಣದ ಮುಂಜಾನೆಯ ಪರದಾಟ ತಪ್ಪೀತು.