ಹಳೇ ರೇಡಿಯೋ ಗುಜರಿಗೆ ಹಾಕುವ ಮುನ್ನ

ಸಹೋದರಿಯರೇ, ಅಜ್ಜಿಯ ಟ್ರಾನ್ಸಿಸ್ಟರ್ ಮಾತಾಡ್ತಿಲ್ಲ ಅಂತ ಗುಜರಿಗೆ ಕೊಟ್ಟುಬಿಡಬೇಡಿ. ಕಣ್ಣು ಮಂಜಾದವರಿಗೆ ಅದೇ ಜೊತೆಗಾರ. ನಾವು ಬಿಚ್ಚಿ ನೋಡಿದ ಎಷ್ಟೋ ರೇಡಿಯೋಗಳಲ್ಲಿ ಕೆಟ್ಟಿದ್ದು ರೇಡಿಯೋ ಅಲ್ಲ, ಒಳಗೇ ಸೋರಿದ ಸೆಲ್ಲು.

ಕರೆಂಟಿನ ವೈರಿದ್ದರೆ ಮೊದಲು ಕಿತ್ತಿಡಿ. ಹಳೇ ಸೆಲ್ಲು ತೆಗೆದು, ಸ್ಪ್ರಿಂಗಿಗೆ ಅಂಟಿದ ಬಿಳಿ, ಹಸಿರು ಪುಡಿಯನ್ನು ಬರಿಗೈಲಿ ಮುಟ್ಟದೆ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಉದುರಿಸಿ, ಲೋಹ ಹೊಳೆಯುವ ತನಕ ಸ್ಯಾಂಡ್ ಪೇಪರಿನಿಂದ ಉಜ್ಜಿ. ಹೊಸ ಸೆಲ್ಲು ಹಾಕಿ.

ವಾಲ್ಯೂಮ್ ಕರಕರ ಅಂದರೆ ಧೂಳು. ಗುಂಡಿಯನ್ನು ಇಪ್ಪತ್ತು ಸಲ ಅತ್ತಿತ್ತ ತಿರುಗಿಸಿ. ಕೊಬ್ಬರಿ ಎಣ್ಣೆ ಬಿಡೋದು ಬೇಡ!

ಒಳಗಿನ ಪುಟ್ಟ ತಗಡಿನ ಡಬ್ಬಿಗಳ ಬಣ್ಣದ ಸ್ಕ್ರೂ ಮಾತ್ರ ಮುಟ್ಟಲೇಬೇಡಿ. ಅವನ್ನು ಹೆಚ್ಚಾಗಿ 455 ಕಿಲೋಹರ್ಟ್ಜ್‌ಗೆ ಹೊಂದಿಸಿರುತ್ತಾರೆ. ತಿರುವಿದರೆ ಸ್ಟೇಷನ್ನೇ ಸಿಗದು, ಅಳತೆ ಯಂತ್ರವಿಲ್ಲದೆ ಸರಿಮಾಡೋದು ಕಷ್ಟ.

ಮೀಡಿಯಂ ವೇವ್ ಸಣ್ಣಗೆ ಕೇಳಿದರೆ ರೇಡಿಯೋವನ್ನೇ ಮೆಲ್ಲಗೆ ತಿರುಗಿಸಿ ನೋಡಿ; ಒಳಗಿನ ಕಪ್ಪು ಫೆರೈಟ್ ಕಡ್ಡಿಯೇ ಅದರ ಆಂಟೆನಾ. ಗೊರಗೊರ ಹೋಗದಿದ್ದರೆ ಪಕ್ಕದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಆರಿಸಿ.