ಬಂಧನವೇ ಮೊದಲ ವ್ಯಾಧಿ

ಕಲ್ಯಾಣ ಚಾಲುಕ್ಯರ ಅರಸ ಮೂರನೆಯ ಸೋಮೇಶ್ವರನು 1129ರ ವೇಳೆಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವಿದೆ. ಕಡಲಿನಿಂದ ನೂರಾರು ಕಿಲೋಮೀಟರ್ ದೂರದ ಇಂದಿನ ಬಸವಕಲ್ಯಾಣವೇ ಆತನ ರಾಜಧಾನಿ. ಆದರೂ ಹೊಳೆಯ ಮೀನುಗಳೊಂದಿಗೆ ಕಡಲ ಮೀನುಗಳೂ ಅಲ್ಲಿ ವರ್ಣಿತವಾಗಿವೆ; ಅವುಗಳಿಗೆ ಒಡ್ಡುವ ಮೇವು, ಗಾಳ ಹಾಕುವ ಬಗೆ ಎಲ್ಲವೂ ಇವೆ. ಅಂದು ಮೀನು ಅರಸರ ವಿನೋದದ ವಸ್ತು. ಒಂಬತ್ತು ಶತಮಾನಗಳ ಬಳಿಕ ಆ ವಿನೋದ ಬೇರೊಂದು ರೂಪ ತಾಳಿದೆ. ಬಸವಕಲ್ಯಾಣದಲ್ಲಾಗಲಿ, ಪುಣೆ–ಹೈದರಾಬಾದ್ ಹೆದ್ದಾರಿಯ ಹುಮನಾಬಾದ್‌ನಲ್ಲಾಗಲಿ ಬಯಸಿದವರು ಇಂದು ನಡುಮನೆಯಲ್ಲೇ ಗಾಜಿನ ತೊಟ್ಟಿಯಿರಿಸಿ, ನೀರಿಗೆ ಉಪ್ಪು ಬೆರೆಸಿ ಕಡಲ ಮೀನು ಸಾಕಬಹುದು. ಇಲ್ಲಿ ಗಾಳವಿಲ್ಲ, ಕೊಲ್ಲುವ ಉದ್ದೇಶವಿಲ್ಲ, ತಿನ್ನುವ ಮಾತಂತೂ ಇಲ್ಲವೇ ಇಲ್ಲ. ಕೇವಲ ನೋಡಿ ಸಂತೋಷಪಡುವುದರಲ್ಲಿ ಶ್ರಾವಕನಿಗೆ ದೋಷವೇನು ಎಂಬ ಪ್ರಶ್ನೆ ಏಳುವುದು ಸಹಜ.

ಒಂದು ದಿನ ಮೀನಿನ ಮೈಮೇಲೆ ಉಪ್ಪಿನ ಹರಳಿನಂಥ ಬಿಳಿಚುಕ್ಕೆಗಳು ಮೂಡಿದಾಗ ಆ ಪ್ರಶ್ನೆ ಸುಲಭದ್ದಲ್ಲವೆಂದು ತಿಳಿಯುತ್ತದೆ. ಉಪ್ಪುನೀರಿನ ಮೀನುಗಳನ್ನು ಕಾಡುವ ಪರೋಪಜೀವಿಗಳಲ್ಲಿ ‘ಕ್ರಿಪ್ಟೊಕ್ಯಾರಿಯಾನ್’ ಎಂಬ ಏಕಕೋಶ ಜೀವಿ ಪ್ರಮುಖವಾದುದು. ಅದು ಮೀನಿನ ಚರ್ಮವನ್ನೂ ಕಿವಿರುಗಳನ್ನೂ ಹೊಕ್ಕು, ಸಾಮಾನ್ಯವಾಗಿ 3ರಿಂದ 7 ದಿನ ಅಲ್ಲಿಯೇ ತಿಂದು ಬೆಳೆಯುತ್ತದೆ. ಬಳಿಕ ಕಳಚಿಕೊಂಡು ತಳದ ಮರಳಿಗೋ ಕಲ್ಲಿಗೋ ಅಂಟಿ, ಕವಚ ಕಟ್ಟಿಕೊಂಡು, ಅದರೊಳಗೆ ನೂರಾರು ಮರಿಗಳಾಗಿ ಒಡೆಯುತ್ತದೆ. ಹೊರಬಂದ ಮರಿಗೆ ಒಂದೆರಡು ದಿನಗಳೊಳಗೆ ಮೀನಿನ ಮೈ ದೊರೆಯಬೇಕು. ಇಲ್ಲವಾದರೆ ಅದಕ್ಕೆ ಬದುಕಿಲ್ಲ. ಇತ್ತ ಮೀನು ಮೈಯನ್ನು ಕಲ್ಲಿಗೆ ಉಜ್ಜುತ್ತದೆ, ಉಸಿರಿಗೆ ಕಷ್ಟಪಡುತ್ತದೆ, ಮೇವು ಬಿಡುತ್ತದೆ.

ವಿಶಾಲ ಕಡಲಿನಲ್ಲೂ ಈ ಜೀವಿಗಳುಂಟು. ಆದರೆ ಅಲ್ಲಿ ಮೀನು ಈಜಿ ದೂರ ಸಾಗುತ್ತದೆ. ಕವಚದಿಂದ ಹೊರಬಿದ್ದ ನೂರಾರು ಮರಿಗಳಲ್ಲಿ ಬಹುಪಾಲಿಗೆ ಆಸರೆ ಸಿಗುವುದಿಲ್ಲ. ಗಾಜಿನ ತೊಟ್ಟಿಯಲ್ಲಾದರೋ ಪ್ರತಿ ಮರಿಗೂ ಅದೇ ಮೀನು ಮತ್ತೆ ಮತ್ತೆ ಸಿಗುತ್ತದೆ. ಕಡಲಿನಲ್ಲಿ ಸಹಿಸಬಹುದಾಗಿದ್ದ ಬಾಧೆ ತೊಟ್ಟಿಯಲ್ಲಿ ಮಾರಕ ರೋಗವಾಗುವುದು ಹೀಗೆ. ರೋಗಕ್ಕೆ ಬಲ ಬಂದದ್ದು ಸೆರೆಯಿಂದ.

ಜೈನಶಾಸ್ತ್ರ ಈ ಸೆರೆಯನ್ನು ಬಹು ಹಿಂದೆಯೇ ಗುರುತಿಸಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳು ಹೇಳಲ್ಪಟ್ಟಿವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಹೊಡೆದು ಬಡಿದು ನೋಯಿಸುವುದು. ಅದಕ್ಕೂ ಮೊದಲ ಸ್ಥಾನ ಬಂಧಕ್ಕೆ. ಜೀವಿಯು ಬಯಸಿದೆಡೆಗೆ ಹೋಗದಂತೆ ತಡೆಯುವುದೇ ಬಂಧವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಗಾಜು ಎಷ್ಟೇ ತಿಳಿಯಾಗಿದ್ದರೂ ಮೀನಿನ ಪಾಲಿಗೆ ಅದು ಗೋಡೆಯೇ.

‘ನೋಡುವುದಷ್ಟೇ’ ಎಂಬ ಸಮಾಧಾನಕ್ಕೂ ಪರಂಪರೆಯಲ್ಲಿ ಒಂದು ಎಚ್ಚರಿಕೆಯಿದೆ. ಕುಂದಕುಂದಾಚಾರ್ಯರ ಭಾವಪಾಹುಡದಲ್ಲಿ ಉಲ್ಲೇಖಗೊಂಡ ಶಾಲಿಸಿಕ್ಥ ಮತ್ಸ್ಯದ ಕಥೆ ಶ್ರಾವಕರಿಗೆ ಪರಿಚಿತವೇ. ಸ್ವಯಂಭೂರಮಣ ಸಮುದ್ರದ ಮಹಾಮತ್ಸ್ಯದ ಕಿವಿಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಮೀನೊಂದು ಅದರ ಕಿವಿಯ ಮಲವನ್ನು ತಿಂದು ಬದುಕುತ್ತದೆ. ಅದೂ ಮೀನಿನ ಮೈಯನ್ನೇ ಆಶ್ರಯಿಸಿದ ಜೀವ. ಮಹಾಮತ್ಸ್ಯದ ತೆರೆದ ಬಾಯಿಯಲ್ಲಿ ಮೀನುಗಳು ಬಂದುಹೋಗುವುದನ್ನು ಕಂಡು, ತಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಅದು ಹಂಬಲಿಸುತ್ತದೆ. ಒಂದು ಮೀನನ್ನೂ ತಿನ್ನದೆ, ಕೇವಲ ಆ ಭಾವದಿಂದಲೇ ನರಕಕ್ಕೆ ಇಳಿಯುತ್ತದೆ. ಕೈ ಮುಟ್ಟದಿದ್ದರೂ ಕಣ್ಣಿನ ಮೋಹ ಕರ್ಮವನ್ನು ಬರಮಾಡಿಕೊಳ್ಳುತ್ತದೆ ಎಂಬುದು ಇದರ ತಾತ್ಪರ್ಯ.

ಇನ್ನು ತೊಟ್ಟಿ ಮನೆಗೆ ಬಂದಾಗಿದೆ, ಮೀನು ನರಳುತ್ತಿದೆ ಎಂದುಕೊಳ್ಳೋಣ. ಒಂದೆಡೆ ಐದು ಇಂದ್ರಿಯಗಳುಳ್ಳ ಮೀನು. ಇನ್ನೊಂದೆಡೆ ಅದರ ಮೈ ಹಿಡಿದ ಸೂಕ್ಷ್ಮಜೀವಿಗಳು, ಶಾಸ್ತ್ರವು ದ್ವೀಂದ್ರಿಯವೆನ್ನುವ ಕೃಮಿಗಳು. ಒಂದನ್ನು ಉಳಿಸಲು ಮತ್ತೊಂದನ್ನು ಕೊಲ್ಲಬಹುದೇ? ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯ ಇಲ್ಲಿ ಸುಲಭದ ಸಾಂತ್ವನ ಕೊಡುವುದಿಲ್ಲ. ಹಿಂಸ್ರಜೀವಿಯೊಂದನ್ನು ಕೊಂದರೆ ಹಲವು ಜೀವಗಳಿಗೆ ರಕ್ಷೆ ಎಂಬ ವಾದವನ್ನು ಅದು ಒಪ್ಪುವುದಿಲ್ಲ. ದುಃಖದಿಂದ ಬಿಡಿಸುವ ನೆಪದಲ್ಲಿ ನರಳುವ ಜೀವಿಯನ್ನು ಕೊಲ್ಲುವುದನ್ನೂ ನಿರಾಕರಿಸುತ್ತದೆ. ಹಾಗೆಂದು ಕೈಕಟ್ಟಿ ಕುಳಿತರೆ ಅದು ಪ್ರಮಾದ. ಪ್ರಮಾದದಿಂದ ಪ್ರಾಣಹಾನಿಯಾಗುವುದೇ ಹಿಂಸೆಯ ಲಕ್ಷಣ. ತಾನೇ ಸೆರೆಯಲ್ಲಿಟ್ಟ ಜೀವಿಯ ಆರೈಕೆಯಿಂದ ನುಣುಚಿಕೊಳ್ಳಲು ಶ್ರಾವಕನಿಗೆ ಅವಕಾಶವಿಲ್ಲ.

ಆದ್ದರಿಂದ ಅತ್ಯಲ್ಪ ಹಿಂಸೆಯ ದಾರಿಯನ್ನು ವಿವೇಕದಿಂದ ಹುಡುಕಬೇಕು. ಪರೋಪಜೀವಿಗೆ ವಿಷವುಣಿಸದೆ ಮೀನನ್ನೇ ಅದರಿಂದ ದೂರ ಸಾಗಿಸುವ ಕ್ರಮವೊಂದಿದೆ. ಪ್ರತಿ 3 ದಿನಕ್ಕೊಮ್ಮೆ, ಒಟ್ಟು 4 ಬಾರಿ, ಮೀನನ್ನು ಅಷ್ಟೇ ಉಪ್ಪಿನಂಶ, ಅಷ್ಟೇ ಉಷ್ಣತೆಯ ಹೊಸ ನೀರಿನ ಶುಭ್ರ ತೊಟ್ಟಿಗೆ ವರ್ಗಾಯಿಸುವುದು. ಮೈಯಿಂದ ಕಳಚಿದ ಜೀವಿಗಳು ಮರಿಯೊಡೆಯುವ ಮೊದಲೇ ಮೀನು ಅಲ್ಲಿಂದ ಹೊರಟಿರುತ್ತದೆ. ಮೂಲ ತೊಟ್ಟಿಯನ್ನು ಹತ್ತಿರಹತ್ತಿರ ಎರಡೂವರೆ ತಿಂಗಳು ಮೀನಿಲ್ಲದೆ ಬಿಟ್ಟರೆ ಅಲ್ಲಿನ ರೋಗಚಕ್ರ ತಾನಾಗಿ ನಿಲ್ಲುತ್ತದೆ. ತಾಮ್ರದ ಔಷಧ ಬಳಸಲೇಬೇಕಾಗಿ ಬಂದರೆ ಬೇರೆ ತೊಟ್ಟಿಯಲ್ಲಿ, ಪರೀಕ್ಷಕದಿಂದ ಪ್ರಮಾಣ ಅಳೆದು ಬಳಸಬೇಕು. ಕಲ್ಲು, ಹವಳವಿರುವ ತೊಟ್ಟಿಗೇ ಅದನ್ನು ಸುರಿದರೆ ಸೀಗಡಿ, ಶಂಖದಹುಳುಗಳಂಥ ನಿರಪರಾಧಿ ಜೀವಗಳೂ ಸಾಯುತ್ತವೆ. ಚಪ್ಪಟೆ ಹುಳುಗಳ ಬಾಧೆಗೆ ಮೀನನ್ನು ಕೆಲವೇ ನಿಮಿಷ ಸಿಹಿನೀರಿನಲ್ಲಿ ಅದ್ದುವುದುಂಟು. ಹುಳುಗಳು ಉದುರುತ್ತವೆ, ಅವೂ ಜೀವಗಳೇ. ಇವುಗಳಲ್ಲಿ ಯಾವ ದಾರಿಯೂ ಪೂರ್ಣ ನಿರ್ದೋಷವಲ್ಲ. ಚಿಕಿತ್ಸೆ ಮುಗಿದ ಸಂಜೆ ಆಲೋಚನೆ, ಪ್ರತಿಕ್ರಮಣಗಳಲ್ಲಿ ಆ ದೋಷವನ್ನು ನೆನೆದು ನಿಂದಿಸಿಕೊಳ್ಳುವುದು ಗೃಹಸ್ಥನ ಧರ್ಮ.

ಕೆಲವರಿಗೆ ಮೀನನ್ನು ಕೆರೆಗೆ ಬಿಟ್ಟುಬಿಡುವುದೇ ಕರುಣೆ ಎನಿಸಬಹುದು. ಬಸವಕಲ್ಯಾಣದ ತ್ರಿಪುರಾಂತ ಕೆರೆಯ ಸಿಹಿನೀರು ಕಡಲ ಮೀನಿಗೆ ಮೃತ್ಯುವೇ ಸರಿ. ನೀರನ್ನು ಸೋಸಿ ಕುಡಿಯುವ ಜೈನ ಮನೆಗಳಲ್ಲಿ ಹಿರಿಯರು ಪಾಲಿಸುತ್ತ ಬಂದ ನಿಯಮವನ್ನು ಇಲ್ಲಿ ನೆನೆಯಬೇಕು. ಸೋಸುಬಟ್ಟೆಯ ಮೇಲುಳಿದ ಜೀವಿಗಳನ್ನು ಎಲ್ಲೆಂದರಲ್ಲಿ ಕೊಡವಬಾರದು. ಯಾವ ಬಾವಿಯ ನೀರೋ ಅದೇ ಬಾವಿಗೆ ಮೆಲ್ಲನೆ ಮರಳಿಸಬೇಕು. ಒಂದು ನೀರಿನ ಜೀವ ಇನ್ನೊಂದು ನೀರಿನಲ್ಲಿ ಉಳಿಯದೆಂಬ ಅರಿವು ಆ ಬಟ್ಟೆಯ ಮಡಿಕೆಯಲ್ಲಿದೆ. ಹುಮನಾಬಾದ್‌ನ ಮನೆಯಿಂದ ಕಡಲಿಗೆ ಹಾಗೆ ಮರಳಿಸುವ ದಾರಿ ಇಲ್ಲವೆಂದಾದರೆ, ತರುವ ಮೊದಲೇ ಯೋಚಿಸಬೇಕಿತ್ತು ಎಂದಷ್ಟೇ ಅರ್ಥ.

ಜೀವಿಗಳನ್ನು ಮನೆಗೆ, ಮಂದಿರಕ್ಕೆ ತಂದು ಇರಿಸಿಕೊಳ್ಳುವುದೆಲ್ಲ ದೋಷವೆಂದಲ್ಲ. ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದಲ್ಲಿ ಪಕ್ಷಿಗಳ ಆಸ್ಪತ್ರೆಯಿದೆ. ಗಾಯಗೊಂಡ ಹಕ್ಕಿ ಅಲ್ಲಿ ಪಂಜರದಲ್ಲೇ ಇರುತ್ತದೆ; ಗುಣವಾದೊಡನೆ ಆಕಾಶಕ್ಕೆ ಬಿಡಲಾಗುತ್ತದೆ. ಆ ಪಂಜರ ಹಕ್ಕಿಗಾಗಿ ಇದೆ, ನಡುಮನೆಯ ತೊಟ್ಟಿ ನೋಡುವವನಿಗಾಗಿ ಇದೆ.

ಈಗಾಗಲೇ ತೊಟ್ಟಿಯಿರುವ ಮನೆಯವರು ಏನು ಮಾಡಬೇಕು? ಇರುವ ಮೀನುಗಳನ್ನು ಅವುಗಳ ಆಯುಷ್ಯ ಮುಗಿಯುವವರೆಗೆ ಶ್ರದ್ಧೆಯಿಂದ ನೋಡಿಕೊಳ್ಳಬೇಕು, ಹೊಸದನ್ನು ತರುವುದಿಲ್ಲವೆಂಬ ನಿಯಮ ತೆಗೆದುಕೊಳ್ಳಬೇಕು. ನಿಯಮ ಸಣ್ಣದೆಂದು ಹಿಂಜರಿಯಬೇಕಿಲ್ಲ. ನೆರೆಯ ಮಾನ್ಯಖೇಟದ ರಾಷ್ಟ್ರಕೂಟರ ಕಾಲದಲ್ಲಿ, 959ರಲ್ಲಿ, ಸೋಮದೇವಸೂರಿಗಳು ಪೂರ್ಣಗೊಳಿಸಿದ ‘ಯಶಸ್ತಿಲಕ’ದಲ್ಲಿ ಮೃಗಸೇನನೆಂಬ ಬೆಸ್ತನ ಕಥೆ ಬರುತ್ತದೆ. ಬಲೆಗೆ ಬಿದ್ದ ಮೊದಲ ಮೀನನ್ನು ಬಿಟ್ಟುಬಿಡುವೆನೆಂದು ಅವನು ಮುನಿಗಳಿಂದ ವ್ರತ ಪಡೆದ. ಅಂದು ಅದೇ ಮೀನು ಐದು ಬಾರಿ ಬಲೆಗೆ ಬಿತ್ತು, ಐದು ಬಾರಿಯೂ ಬಿಟ್ಟ. ಬರಿಗೈಲಿ ಮನೆಗೆ ಮರಳಿದವನಿಗೆ ಹೆಂಡತಿ ಬಾಗಿಲು ತೆರೆಯಲಿಲ್ಲ. ಆದರೂ ವ್ರತ ಮುರಿಯಲಿಲ್ಲ. ಆ ಪುಣ್ಯ ಮುಂದಿನ ಜನ್ಮದಲ್ಲಿ ಅವನನ್ನು ಮತ್ತೆ ಮತ್ತೆ ಮೃತ್ಯುವಿನಿಂದ ಕಾಯಿತು. ಮೀನು ಹಿಡಿದೇ ಬದುಕಬೇಕಿದ್ದವನಿಗೆ ಒಂದು ಮೀನನ್ನು ಬಿಡುವುದು ಸಾಧ್ಯವಾಯಿತು. ಕೇವಲ ಕಣ್ಣಿನ ಸಂತೋಷಕ್ಕಾಗಿ ಮೀನು ತರುವವರಿಗೆ ಅದು ಅಸಾಧ್ಯವಾಗಬಾರದು.